ಆಯುಧಪೂಜೆಯ ದಿನ ಆನ್ ಆದ ಕಂಪ್ಯೂಟರ್

ಕೆಲವು ವರ್ಷಗಳ ಹಿಂದೆ ನಾನು ಕೆಜಿಎಫ್ ಕಡೆಯ ಒಂದು ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಆಗಿದ್ದೆ. ಕಂಪ್ಯೂಟರ್ ಫೊರೆನ್ಸಿಕ್ಸ್‌ನಲ್ಲಿ ಒಂದು ವಾರದ ತರಬೇತಿ ಮುಗಿಸಿ ಬಂದು, ಅಲ್ಪವಿದ್ಯಾ ಮಹಾಗರ್ವಿ ಎಂಬಂತೆ ಬೀಗುತ್ತಿದ್ದ ಕಾಲ. ಅಲ್ಲಿನ ಮೊದಲ ಪಾಠ: ಆಫ್ ಆಗಿರುವ ಯಂತ್ರವನ್ನು ಆನ್ ಮಾಡಬಾರದು. ಮಾಡಿದರೆ ಒಳಗಿನ ಎಷ್ಟೋ ಫೈಲುಗಳ ದಿನಾಂಕ ಬದಲಾಗಿ ಸಾಕ್ಷ್ಯ ಕೆಡುತ್ತದೆ.

ಬಂಗಾರಪೇಟೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ನಕಲಿ ಜಾತಿ ಪ್ರಮಾಣಪತ್ರ ತಯಾರಾಗುತ್ತಿದೆ ಎಂದು ದೂರು ಬಂತು. ಮಾಲೀಕ ತನ್ನ ಆಪರೇಟರ್ ಜ್ಯೋತಿಯ ಮೇಲೆ ಬೆರಳು ತೋರಿಸಿದ. ಉರಿಗಾಂನ ಗಣಿ ಕಾರ್ಮಿಕರ ಲೈನ್‌ಮನೆಯ ಹುಡುಗಿ, ತಾಯಿಯದು ಕೂಲಿ ಕೆಲಸ. "ನಾನ್ ಸೇರಿ ಮೂರ್ ತಿಂಗ್ಳೂ ಆಗಿಲ್ಲ ಮೇಡಂ, ನಂಗೇನೂ ಗೊತ್ತಿಲ್ಲ" ಎಂದು ಅತ್ತಳು. ಅವಳನ್ನು ಉಳಿಸುವುದೋ ಮುಳುಗಿಸುವುದೋ ಅಂಗಡಿಯ ಕಂಪ್ಯೂಟರಿನ ಸಿಪಿಯುನಲ್ಲೇ ಇತ್ತು. ಜಪ್ತಿ ಮಾಡಿ, ಬಟ್ಟೆ ಸುತ್ತಿ ಸೀಲ್ ಹಾಕಿಟ್ಟೆವು.

ಮರುದಿನ ಆಯುಧಪೂಜೆ. ಕೋಲಾರದ ಮೀಟಿಂಗ್ ಮುಗಿಸಿ ಬಂದು ನೋಡಿದರೆ, ಬಂದೂಕುಗಳ ಪಕ್ಕದಲ್ಲಿ ನನ್ನ ಸಾಕ್ಷ್ಯ ಹೂ ಮುಡಿದು ಕೂತಿದೆ! ಹೆಡ್ ಕಾನ್‌ಸ್ಟೇಬಲ್ ಮುನಿಯಪ್ಪ ಸೀಲ್ ಒಡೆದಿದ್ದರು.

"ಟೇಸನ್ನಾಗೆ ಇರೋ ಮಿಸಿನ್ನು, ಪೂಜೆ ಇಲ್ದಂಗೆ ಎಂಗೆ ಬಿಡೋದು ಮೇಡಂ? ಕುಂಕುಮ ಇಕ್ಕಿ, ಒಂದ್ಸಲ ಆನ್ ಮಾಡಿ ಆರತಿ ಎತ್ತಿದ್ವಿ. ಜೀಪಿಗೂ ಅಂಗೇ ತಾನೆ?"

ನಾನು ಕೂಗಾಡಿದೆ. ವಿಷಯ ಅರ್ಥವಾದಾಗ ಅವರ ಮುಖ ಬಿಳುಚಿತು. ನಿವೃತ್ತಿ ಹತ್ತಿರವಿದ್ದ ಮನುಷ್ಯ. ನಾನು ದನಿ ತಗ್ಗಿಸಿದೆ.

"ತಿರ್ಗಾ ಸೀಲ್ ಆಕ್ಬುಡಾನ ಮೇಡಂ. ಯಾರ್ಗ್ ಗೊತ್ತಾಯ್ತದೆ?"

"ಇದಕ್ಕೇ ಗೊತ್ತಾಗಿದೆಯಲ್ಲ" ಎಂದು ಯಂತ್ರ ತೋರಿಸಿದೆ. ಆನ್ ಆದದ್ದು, ಆಫ್ ಆದದ್ದು ಎಲ್ಲ ಅದರ ಲಾಗ್‌ನಲ್ಲಿ, ಅಂದರೆ ಯಂತ್ರ ತಾನೇ ಬರೆದಿಡುವ ದಿನಚರಿಯಲ್ಲಿ, ದಾಖಲಾಗಿರುತ್ತದೆ. ಅಂದೇ ಮೇಲಧಿಕಾರಿಗಳಿಗೆ ನಡೆದದ್ದನ್ನು ನಡೆದಂತೆ ವರದಿ ಮಾಡಿದೆ, ಮುನಿಯಪ್ಪನವರ ಹೇಳಿಕೆಯೂ ಸೇರಿತು. ಎರಡು ದಿನ ಅವರು ನನ್ನ ಸಹಿ ಬೇಕಾದ ಕಾಗದಗಳನ್ನೂ ಬೇರೆಯವರ ಕೈಲಿ ಕಳಿಸಿದರು.

ಆಮೇಲೆ ಪ್ರಯೋಗಾಲಯದಲ್ಲಿ ರೈಟ್ ಬ್ಲಾಕರ್ ಹಾಕಿದರು. ಅದು ಡಿಸ್ಕನ್ನು ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಡಿಸ್ಕಿನ ಪಡಿಯಚ್ಚು ತೆಗೆದು, ಅದರ ಹ್ಯಾಶ್ ಬರೆದುಕೊಂಡರು. ಹ್ಯಾಶ್ ಎಂದರೆ ಬೆರಳಚ್ಚಿನಂಥ ಸಂಖ್ಯೆ, ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ಅಳಿಸಿದ್ದ ನಕಲಿ ಪತ್ರಗಳು ಸಿಕ್ಕವು. ಹೆಚ್ಚಿನವು ಜ್ಯೋತಿ ಕೆಲಸಕ್ಕೆ ಸೇರುವ ಮೊದಲಿನವು, ಎಲ್ಲವೂ ಮಾಲೀಕನ ಲಾಗಿನ್‌ನಲ್ಲಿ ತಯಾರಾದವು.

ಈಗ ಆರೋಪಿ ಮಾಲೀಕ. ನ್ಯಾಯಾಲಯದಲ್ಲಿ ಅವನ ವಕೀಲರು, "ಪೊಲೀಸರೇ ಯಂತ್ರ ಆನ್ ಮಾಡಿ ದಿನಾಂಕ ತಿದ್ದಿದ್ದಾರೆ. ಇದೆಲ್ಲ ಆ ಹುಡುಗಿಯದೇ ಕೆಲಸ" ಎಂದು ವಾದಿಸಿದರು. ಸಾಕ್ಷಿಕಟ್ಟೆಯಲ್ಲಿ ಮುನಿಯಪ್ಪ ತಡವರಿಸಲಿಲ್ಲ.

"ಔದು ಸ್ವಾಮಿ, ಆನ್ ಮಾಡಿದ್ದು ನಾನೇ. ಆರತಿ ಆದ್ಮೇಲೆ ಆಫ್ ಮಾಡ್ದೆ. ಇನ್ನೇನೂ ಮುಟ್ಲಿಲ್ಲ."

ಲಾಗ್ ಕೂಡ ಅದನ್ನೇ ಹೇಳಿತು. ಆ ದಿನ ಆರತಿಯಷ್ಟು ಹೊತ್ತು ಮಾತ್ರ ಚಾಲೂ ಇತ್ತು, ನಕಲಿ ಪತ್ರಗಳ ತಂಟೆಗೆ ಯಾರೂ ಹೋಗಿರಲಿಲ್ಲ. ನಾವು ಮುಚ್ಚಿಟ್ಟಿದ್ದರೆ ಆ ಒಂದೇ ಸುಳ್ಳಿಗೆ ಉಳಿದ ಸತ್ಯವೆಲ್ಲ ಕೊಚ್ಚಿಹೋಗುತ್ತಿತ್ತು. ಮಾಲೀಕನಿಗೆ ಶಿಕ್ಷೆಯಾಯಿತು, ಜ್ಯೋತಿ ಕಳಂಕ ಕಳೆದುಕೊಂಡಳು. ಸೀಲ್ ಒಡೆದ ತಪ್ಪಿಗೆ ಮುನಿಯಪ್ಪನವರ ಒಂದು ಇನ್‌ಕ್ರಿಮೆಂಟ್ ಹೋಯಿತು.

ತೀರ್ಪಿನ ದಿನ ನ್ಯಾಯಾಲಯದ ಹೊರಗೆ ಜ್ಯೋತಿಯ ತಾಯಿ ನನ್ನನ್ನು ದಾಟಿಕೊಂಡು ಹೋಗಿ ಮುನಿಯಪ್ಪನವರಿಗೆ ಕೈಮುಗಿದರು. ನನಗದು ಸರಿಯೆನಿಸಿತು. ಸಾಕ್ಷ್ಯ ಕೆಡದಂತೆ ಕಾಯುವುದನ್ನು ತರಬೇತಿ ಕಲಿಸಿತ್ತು; ಕೆಟ್ಟಾಗ ಕೆಟ್ಟಿತು ಎನ್ನಲು ನನ್ನ ಕೆಲಸ ಕಲಿಸಿತು.