ಪ್ಲಾಟ್‌ಫಾರ್ಮ್ ಬಲಕ್ಕೆ ಬಂದ ದಿನ

ಬೆಳಗಿನ ಪ್ಯಾಸೆಂಜರ್ ಗಾಡಿ ಧಾರವಾಡ ಸ್ಟೇಷನ್ನಿನಲ್ಲಿ ಪೂರ್ತಿ ನಿಲ್ಲುವ ಮೊದಲೇ ಅದರ ಕಿಟಕಿಗಳೊಳಗೆ ಕರವಸ್ತ್ರ, ಟವೆಲ್ಲು, ಬುತ್ತಿಚೀಲಗಳು ಬೀಳತೊಡಗುತ್ತವೆ. ಒಮ್ಮೆ ಯಾರದೋ ಒಂದೇ ಕಾಲಿನ ಚಪ್ಪಲಿ ಬಿದ್ದದ್ದನ್ನೂ ನೋಡಿದ್ದೇನೆ. ಯಾವ ಸೀಟಿನ ಮೇಲೆ ಏನು ಬಿತ್ತೋ ಆ ಸೀಟು ಎಸೆದವರದು. ಇದು ಯಾವ ಕಾನೂನಿನಲ್ಲೂ ಇಲ್ಲ, ಆದರೆ ಯಾವ ಕಾನೂನನ್ನೂ ನಮ್ಮ ಜನ ಇಷ್ಟು ನಿಷ್ಠೆಯಿಂದ ಪಾಲಿಸುವುದನ್ನು ನಾನು ಕಂಡಿಲ್ಲ. ಹೊತ್ತಿಗೆ ಮೊದಲೇ ಬಂದು, ಇಳಿಯುವವರಿಗೆ ದಾರಿ ಬಿಟ್ಟು, ಆಮೇಲೆ ಹತ್ತಿದ ನಾನು ಒಂದು ಬಣ್ಣಗೆಟ್ಟ ಟವೆಲ್ಲಿನ ಮುಂದೆ ಹುಬ್ಬಳ್ಳಿಯವರೆಗೆ ನಿಂತುಕೊಂಡೇ ಹೋಗಬೇಕು.

ನಾನು ಓದಿದ್ದು ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ಬೋರ್ಡಿಂಗ್ ಶಾಲೆಯಲ್ಲಿ. ಕೆಲಸ ಮಾಡಿದ್ದು ಹುಡುಗಿಯರ ಶಾಲೆಯಲ್ಲಿ, ಡ್ರಿಲ್ ಟೀಚರಾಗಿ. ಸಾಲು ತಪ್ಪಿದರೆ ಅದು ನನಗೆ ಈಗಲೂ ಹಲ್ಲಿನಲ್ಲಿ ಸಿಕ್ಕ ನಾರಿನಂತೆ ಕಿರಿಕಿರಿ ಮಾಡುತ್ತದೆ. ನಿವೃತ್ತಿಯಾದ ಮೇಲೆ ಇಂಥ ಗದ್ದಲ ನನ್ನ ಪಾಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಗೆ ಲಕ್ವಾ ಹೊಡೆಯಿತು.

ಕಾಲಿಗೆ ಬೇಗ ಶಕ್ತಿ ಬಂತು, ಬಲಗೈಯೂ ಅರ್ಧದಷ್ಟು ಚೇತರಿಸಿತು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಬಾಯಿಂದ ಬರುತ್ತಿದ್ದುದು ಬರೀ ಹೂಂಕಾರ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಒಬ್ಬ ಹುಡುಗಿ ಬೆಳಿಗ್ಗೆ ಹತ್ತಕ್ಕೆ ಅವಳಿಗೆ ಸಮಯ ಕೊಟ್ಟಿದ್ದಳು. ಮನೆಯವರೊಬ್ಬರು ಜೊತೆಗಿರಲೇಬೇಕು, ಇಲ್ಲದಿದ್ದರೆ ಪಾಠವಿಲ್ಲ. ತಡವಾಗಿ ಬಂದರೆ ಆ ದಿನದ ಪಾಳಿ ಹೊರಗೆ ಕಾಯುತ್ತಿರುವ ಇನ್ನೊಬ್ಬರಿಗೆ. ಈ ನಿಯಮವನ್ನು ನಾನು ಒಪ್ಪಿದೆ. ನಾನೇ ಇಟ್ಟಿದ್ದರೂ ಇದನ್ನೇ ಇಡುತ್ತಿದ್ದೆ. ತಂಗಿಯ ಗಂಡ ಇಲ್ಲ, ಮಗ ಸೊಸೆ ಇಬ್ಬರೂ ನೌಕರಿಯವರು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮಗ ಅವಳನ್ನು ಆಸ್ಪತ್ರೆಯಲ್ಲಿ ಕೂಡಿಸಿ ಹೋಗುತ್ತಿದ್ದ, ಮುಂದಿನದು ನನ್ನದು.

ಅಲ್ಲೇ ಉಳಿಯಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ತೊಂಬತ್ತು ದಾಟಿದ ಅತ್ತೆಯಿದ್ದಾರೆ. ಬೆಳಗಿನ ಹೊತ್ತನ್ನು ನನ್ನ ಗಂಡ ನಿಭಾಯಿಸುತ್ತಾರೆ, ಮಧ್ಯಾಹ್ನದ ಮೇಲೆ ನಾನು ಬೇಕು. ಬಸ್ಸಿಗೆ ಹೋಗಬಾರದೇ ಎಂದು ಕೇಳುವವರಿಗೆ ನಾನು ಬಸ್ಸಿನಲ್ಲಿ ಹೇಗೆ ವಾಂತಿ ಮಾಡಿಕೊಳ್ಳುತ್ತೇನೆ ಎಂಬುದನ್ನು ವಿವರಿಸಿದ್ದೇನೆ. ಎರಡನೆಯ ಸಲ ಯಾರೂ ಕೇಳಿಲ್ಲ. ಸ್ಟೇಷನ್ನು ಮನೆಯಿಂದ ನಡೆದು ಹೋಗುವಷ್ಟು ದೂರ. ಹಾಗಾಗಿ ರೈಲು.

ಹೆಂಗಸರ ಡಬ್ಬಿ ಗಾಡಿಯ ಕೊನೆಯಲ್ಲಿದೆ. ಅಲ್ಲಿಂದ ಹುಬ್ಬಳ್ಳಿಯ ಉದ್ದ ಪ್ಲಾಟ್‌ಫಾರ್ಮನ್ನು ಆ ಗುಂಪಿನಲ್ಲಿ ದಾಟಿ ಬರುವುದರೊಳಗೆ ಹತ್ತು ಗಂಟೆ ಕೈತಪ್ಪುತ್ತದೆ. ಅದಕ್ಕೇ ನಾನು ಹೊರಬಾಗಿಲಿಗೆ ಹತ್ತಿರ ನಿಲ್ಲುವ ಒಂದು ಬೋಗಿಯನ್ನು ಆರಿಸಿಕೊಂಡೆ. ಅದು ಪಾಸಿನವರ ಬೋಗಿ ಎಂದು ಆಮೇಲೆ ತಿಳಿಯಿತು. ತಿಂಗಳ ಪಾಸು ತೆಗೆದುಕೊಂಡು ದಿನಾಲೂ ಓಡಾಡುವ ಗುಮಾಸ್ತರು, ಅಂಗಡಿಯವರು, ಕಾರ್ಖಾನೆಯವರು ಅದನ್ನು ತಮ್ಮ ಮನೆಯ ಪಡಸಾಲೆ ಎಂದು ತಿಳಿದಿದ್ದಾರೆ. ಮೂವರ ಸೀಟಿನಲ್ಲಿ ನಾಲ್ವರು ಕೂಡುತ್ತಾರೆ; ಆ ನಾಲ್ಕನೆಯವರ ಅರ್ಧ ಭಾಗ ನಡುದಾರಿಯಲ್ಲಿ ನಿಂತವರ ಮೊಣಕಾಲಿಗೆ ತಾಗುತ್ತಿರುತ್ತದೆ. ಒಬ್ಬರು ಮೊಬೈಲಿನಲ್ಲಿ ಭಜನೆ ಹಾಕಿದರೆ ಪಕ್ಕದವರು ಅದನ್ನು ಮುಳುಗಿಸಲು ಕ್ರಿಕೆಟ್ ಹಾಕುತ್ತಾರೆ. ಶೇಂಗಾ ತಿಂದು ಸಿಪ್ಪೆಯನ್ನು ಕಾಲಬುಡಕ್ಕೆ ಬಿಡುತ್ತಾರೆ. ಕಾಲೇಜಿನವರು ಬೆನ್ನಿನ ಚೀಲ ಇಳಿಸುವುದಿಲ್ಲ. ಅವರು ಒಮ್ಮೆ ತಿರುಗಿದರೆ ಹಿಂದಿದ್ದವರ ಕನ್ನಡಕ ಹೋಯಿತು. ಎಲ್ಲಕ್ಕಿಂತ ಹೆಚ್ಚಿನ ಕಾಟ ಬಾಗಿಲಿನಲ್ಲಿ ನಿಲ್ಲುವವರದು. ಒಳಗೆ ಜಾಗವಿದ್ದರೂ ಒಳಗೆ ಬರುವುದಿಲ್ಲ, ಇಳಿಯುವುದಿಲ್ಲ, ಇಳಿಯುವವರಿಗೆ ಬಿಡುವುದಿಲ್ಲ. "ಸರೀರಿ" ಎಂದರೆ ಹೊಟ್ಟೆಯನ್ನಷ್ಟೇ ಒಳಗೆ ಎಳೆದುಕೊಂಡು, ಸರಿದೆವು ಎಂಬಂತೆ ನೋಡುತ್ತಾರೆ.

ಪಾಸಿನವರಿಗೆಲ್ಲ ಒಬ್ಬ ಮುಖಂಡರಿದ್ದರು. ಹುಬ್ಬಳ್ಳಿಯ ಕಾಳಿನ ಅಂಗಡಿಯೊಂದರಲ್ಲಿ ಗುಮಾಸ್ತರು, ದಪ್ಪ ಮೀಸೆ. ಎಲ್ಲರೂ ಅವರನ್ನು ಅಧ್ಯಕ್ಷರೇ ಎನ್ನುತ್ತಿದ್ದರು. ಯಾವುದರ ಅಧ್ಯಕ್ಷರು ಎಂದು ನಾನು ಒಂದು ದಿನ ಕೇಳಿಯೇಬಿಟ್ಟೆ.

"ಈ ಡಬ್ಬಿದ್ದರಿ ಅಕ್ಕೋರ. ಆರಿಸಿ ಬಂದೇನಿ."

ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ನಾನು ಹೇಳದಿದ್ದರೂ ಅವರಿಗೆ ಅದು ಹೇಗೋ ತಿಳಿದಿತ್ತು.

"ಹಂಗಾದ್ರ ಬಾಗಲದಾಗ ನಿಂತವರನ್ನ ಒಳಗ ಕರೀರಿ."

"ಅವರು ವಿರೋಧ ಪಕ್ಷದವರರಿ. ನನ್ನ ಮಾತ ಕೇಳೂದಿಲ್ಲ" ಎಂದು ನಕ್ಕರು. ಬೋಗಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ತಿಂಗಳಲ್ಲಿ ಎರಡು ಸಲ ಬಾಗಿಲಿನ ಗುಂಪಿನಿಂದಾಗಿಯೇ ತಂಗಿಯ ಪಾಳಿ ತಪ್ಪಿತ್ತು.

ದಸರೆ ಹತ್ತಿರ ಬಂತು. ಮಾತು ಕಲಿಸುವ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದಳು. "ಆಂಟಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಹೊರಗ ಭಾಳ ಮಂದಿ ಕಾಯಾಕತ್ತಾರ. ಹಬ್ಬದ ರಜಾ ಮುಂಚೆ ಒಮ್ಮಿ ನೋಡೂಣು. ಒಂದಾರ ಮಾತು ತಾವಾಗಿ ಆಡಿದ್ರ ಮುಂದುವರಸ್ತೇನಿ. ಇಲ್ಲಾಂದ್ರ ಈ ಟೈಮ್ ಬ್ಯಾರೆಯವರಿಗೆ ಕೊಡಬೇಕಾಗತೈತ್ರಿ." ನೀರು, ಊಟ, ಅಕ್ಕ, ಈ ಪದಗಳನ್ನು ಅವಳು ವಾರಗಟ್ಟಲೆ ತಿದ್ದಿಸಿದ್ದಳು. ತಂಗಿ ತುಟಿ ಜೋಡಿಸುತ್ತಿದ್ದಳು, ಬೆವರುತ್ತಿದ್ದಳು, ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ಪರೀಕ್ಷೆಯ ದಿನವೆಂದು ನಿಗದಿಯಾದದ್ದು ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ. ಆ ಬೆಳಿಗ್ಗೆ ನಾನು ಸ್ಟೇಷನ್ನಿಗೆ ಹೋಗಿ ನೋಡಿದರೆ ನನ್ನ ಬೋಗಿ ಮದುವೆಯ ಹಂದರವಾಗಿತ್ತು. ಹಬ್ಬದ ದಿನ ಆಫೀಸು, ಅಂಗಡಿ ಇರುವುದಿಲ್ಲವೆಂದು ಪಾಸಿನವರು ವರ್ಷವೂ ಹಿಂದಿನ ದಿನವೇ ತಮ್ಮ ಬೋಗಿಯ ಪೂಜೆ ಮಾಡುತ್ತಾರಂತೆ. ಅಲಂಕಾರ ಮಾಡುವವರು ಗಾಡಿ ಹೊರಡುವ ಊರಿನಿಂದಲೇ ಹತ್ತಿ ಬಂದಿದ್ದರು. ಕಿಟಕಿಗಳಿಗೆ ಚೆಂಡುಹೂವಿನ ಮಾಲೆ. ಬಲಗಡೆಯ ಎರಡೂ ಬಾಗಿಲುಗಳನ್ನು ಮುಚ್ಚಿ, ಚಿಲಕ ಹಾಕಿ, ಹಿಡಿಕೆಗಳಿಗೆ ಬಾಳೆಗಿಡ ಮತ್ತು ಕಬ್ಬನ್ನು ಸುತಳಿಯಿಂದ ಬಿಗಿದಿದ್ದರು. ಒಂದು ಬಾಗಿಲಿನ ಮುಂದೆ ಹಲಗೆಯಿಟ್ಟು ದೇವಿಯ ದೊಡ್ಡ ಫೋಟೋ. ಇನ್ನೊಂದರ ಮುಂದೆ ಚುರುಮುರಿಯ ಮೂಟೆ, ತೆಂಗಿನಕಾಯಿಯ ಚೀಲ. ಬೆಂಕಿ ಹಚ್ಚುವುದು ತಪ್ಪೆಂದು ಸೆಲ್ಲು ಹಾಕಿದ ಪ್ಲಾಸ್ಟಿಕ್ ದೀಪ ತಂದಿದ್ದರು. ಅಷ್ಟು ಬುದ್ಧಿ ಇತ್ತು.

"ಅಕ್ಕೋರ, ಬರ್ರಿ ಬರ್ರಿ! ಇವತ್ತ ನಿಮಗ ಸೀಟ ಹಿಡದೇವ್ರಿ, ದೇವರ ಬಾಜೂಕ" ಎಂದರು ಅಧ್ಯಕ್ಷರು. ಸೀಟಿನ ಮೇಲೆ ಟವೆಲ್ಲು.

ನಾನು ಕೂಡಲಿಲ್ಲ. "ಬಾಗಲಾ ಯಾಕ ಕಟ್ಟೀರಿ?"

"ಈ ಕಡೆ ಬಾಗಲಾ ಎಂದಾರ ತಗದದ್ದು ನೋಡೀರೇನ್ರಿ? ಪ್ಲಾಟ್‌ಫಾರ್ಮ್ ಎಡಕ್ಕ ಬರತೈತಿ. ಇಲ್ಲೂ ಎಡಕ್ಕ, ಹುಬ್ಬಳ್ಳ್ಯಾಗೂ ಎಡಕ್ಕ."

"ಒಂದ ವ್ಯಾಳ್ಯಾ ಬಲಕ್ಕ ಬಂದ್ರ?"

"ಬಲಕ್ಕ ಬಂದ್ರ ಈ ಮೀಸಿ ತಗಸ್ತೇನ್ರಿ ಅಕ್ಕೋರ!"

ಬೋಗಿ ಮತ್ತೆ ನಕ್ಕಿತು. ನಾನು ಎಡಗಡೆಯ ಬಾಗಿಲಿಗೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹತ್ತಿರ ಹೋಗಿ ನಿಂತೆ. ಆರತಿಯ ಹಾಡು ಶುರುವಾಯಿತು, ಯಾರಿಗೂ ಪೂರ್ತಿ ಬಾರದ ಹಾಡು. ಹಣೆಗೆ ಅರಿಶಿನದ ಭಂಡಾರ ಬಂತು, ಕೈಗೆ ಕಾಯಿ ಸಕ್ಕರೆ ಬಂತು. ಕಂಬಿ ಹಿಡಿಯುವುದೋ ಪ್ರಸಾದ ಹಿಡಿಯುವುದೋ ತಿಳಿಯದೆ ಸಕ್ಕರೆ ನನ್ನ ಕುಪ್ಪಸದ ತೋಳಿನೊಳಗೆ ಇಳಿಯಿತು. ನಡುವಿನ ಉಣಕಲ್ ಸ್ಟೇಷನ್ನಿನಲ್ಲಿ ಇನ್ನೂ ಒಂದಿಷ್ಟು ಜನ ತುಂಬಿಕೊಂಡರು. ಪೂಜೆ ನೋಡಲು ಬೇರೆ ಬೋಗಿಯವರೂ ಇದಕ್ಕೇ ಬಂದಿದ್ದರು.

ಹುಬ್ಬಳ್ಳಿ ಹತ್ತಿರವಾದಂತೆ ಗಾಡಿ ನಿಧಾನವಾಗಿ ಹಳಿ ಬದಲಿಸಿತು. ಬಾಗಿಲಿನಲ್ಲಿ ನೇತಾಡುತ್ತಿದ್ದವನೊಬ್ಬ ಹೊರಗೆ ನೋಡಿ ಕೂಗಿದ: "ಅಧ್ಯಕ್ಷರ, ಬ್ಲೇಡ್ ತಂದೀರೇನ್ರಿ?"

ಎಡಗಡೆ ಬರೀ ಹಳಿ, ಜಲ್ಲಿಕಲ್ಲು. ಬಲಗಡೆ, ಬಾಳೆಗಿಡಗಳ ಸಂದಿನಲ್ಲಿ, ಪ್ಲಾಟ್‌ಫಾರ್ಮ್ ಮತ್ತು ಹತ್ತಲು ಕಾದು ನಿಂತ ಜನ.

ಆ ಬೋಗಿಯಿಂದ ಪಕ್ಕದ ಬೋಗಿಗೆ ದಾರಿಯಿಲ್ಲ. ಗಾಡಿ ನಿಂತಿತು. ಹೊರಗಿನವರು ಮುಚ್ಚಿದ ಬಾಗಿಲನ್ನು ಬಡಿಯತೊಡಗಿದರು. ಹುಡುಗರು ಕೆಲವರು ಎಡಗಡೆಗೆ ಧುಮುಕಿ ಹಳಿ ದಾಟಿ ಓಡಿದರು. "ಅಕ್ಕೋರ, ಕೈ ಕೊಡ್ರಿ, ಇಳಸ್ತೇವಿ" ಎಂದು ಕೆಳಗಿನಿಂದ ಒಬ್ಬ ಕರೆದ. ಹಳಿಯ ಮೇಲೆ ಇಳಿಯಬಾರದೆಂದು ಜೀವಮಾನವಿಡೀ ಮಕ್ಕಳಿಗೆ ಹೇಳಿದವಳು ನಾನು. ಬಾಗಿಲಿನಿಂದ ಜಲ್ಲಿಯವರೆಗಿನ ಆಳವನ್ನು ನೋಡಿದೆ, ನನ್ನ ಮೊಣಕಾಲನ್ನು ನೆನೆದೆ. ಆಗಲಿಲ್ಲ.

ಒಳಗೆ ವಾದ ನಡೆದಿತ್ತು. ಸುತಳಿಯ ಗಂಟುಗಳು ಕಬ್ಬಿನ ರಸ, ನೀರು ಕುಡಿದು ಬಿಗಿದಿದ್ದವು. ಬಾಳೆ ಕಡಿಯಲು ತಂದ ಕುಡಗೋಲು ಅಧ್ಯಕ್ಷರ ಕೈಯಲ್ಲೇ ಇತ್ತು, ಆದರೆ ಕಡಿಯಲು ಅವರಿಗೆ ಧೈರ್ಯವಿಲ್ಲ.

"ಸಂಜಿಮಟಾ ಇರಬೇಕಾದ ಪೂಜಾ ಐತ್ರಿ. ಈಗ ಹೆಂಗ ಕಡೀಲಿ?"

"ಕಡದ್ರ ಅಪಶಕುನ ಆಗತೈತೋ ಮಾರಾಯಾ, ಬಿಚ್ಚು, ಬಿಚ್ಚು."

"ಬಿಚ್ಚಾಕ ಇದೇನ ನಿನ್ನ ಅಂಗಿ ಗುಂಡಿ ಏನು? ನೀನ ಬಂದು ಬಿಚ್ಚು!"

ಗಡಿಯಾರ ನೋಡಿದೆ. ಆಸ್ಪತ್ರೆಯ ಬೆಂಚಿನ ಮೇಲೆ ತಂಗಿ ಬಾಗಿಲನ್ನೇ ನೋಡುತ್ತ ಕೂತಿರುತ್ತಾಳೆ. ನನಗೆ ಮೈ ಉರಿಯಿತು. ಶಾಲೆ ಬಿಟ್ಟ ಮೇಲೆ ಎಂದೂ ತೆಗೆಯದ ಧ್ವನಿಯನ್ನು ತೆಗೆದೆ.

"ಎಲ್ಲಾರೂ ಸುಮ್ಮನ ನಿಂದರ್ರಿ!"

ಕ್ರಿಕೆಟ್ಟೂ ನಿಂತಿತು.

"ದೇವರ ಫೋಟೋ ನನ್ನ ಕೈಯಾಗ ಕೊಡ್ರಿ. ದೇವರನ್ನ ಎತ್ತಿದ ಮ್ಯಾಲೆ ಅದು ಬರೇ ಗಿಡ. ಅಧ್ಯಕ್ಷರ, ಕಡೀರಿ. ನೀವು ಇಬ್ಬರು ಗಿಡಾ ಹಿಡೀರಿ. ಉಳದವರು ಗ್ವಾಡಿ ಬಾಜೂಕ ಒಬ್ಬರ ಹಿಂದ ಒಬ್ಬರು."

ಮೀಸೆಯ ಮುಖಂಡರು ಕೆನ್ನೆ ಬಡಿದುಕೊಂಡು ಕುಡಗೋಲು ಎತ್ತಿದರು. ಬಾಗಿಲು ತೆರೆಯಿತು. ಹೊರಗಿನವರು ಒಳಗೆ ನುಗ್ಗಲು ಮುಂದಾದವರು, ಎದೆಗೆ ದೇವಿಯನ್ನು ಅಪ್ಪಿಕೊಂಡು ನಿಂತ ನನ್ನನ್ನೂ ಆಚೀಚೆ ಬಾಳೆಗಿಡ ಹಿಡಿದು ನಿಂತ ಇಬ್ಬರನ್ನೂ ನೋಡಿ ಹಿಂದೆ ಸರಿದರು. ಅಷ್ಟು ತಿಂಗಳ ಓಡಾಟದಲ್ಲಿ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನನಗೆ ದಾರಿ ಸಿಕ್ಕಿದ್ದು ಅದೊಂದೇ ಸಲ.

ಅದೂ ಹೆಚ್ಚು ಹೊತ್ತು ಅಲ್ಲ. ಸರಿದವರೇ ಮತ್ತೆ ಮುತ್ತಿದರು. ಒಬ್ಬಾಕೆ ಫೋಟೋಕ್ಕೆ ಕೈಮುಗಿದು ಕೂಸನ್ನು ಎತ್ತಿ ತೋರಿಸಿದಳು. ಒಬ್ಬರು ನನ್ನ ಕಾಲಿಗೇ ಬಗ್ಗಿದರು. "ಪ್ರಸಾದ ಐತೇನ್ರಿ?" "ಯಾವ ಊರ ದೇವಿರಿ ಇದು?" ಪ್ಲಾಟ್‌ಫಾರ್ಮ್ ಬದಲಾದ್ದರಿಂದ ಹೊರಬಾಗಿಲು ಹತ್ತಿರವೂ ಇರಲಿಲ್ಲ, ಮೇಲ್ಸೇತುವೆ ಹತ್ತಿ ಇಳಿಯಬೇಕು. ನಾನು ದೇವಿಯನ್ನು ಅಧ್ಯಕ್ಷರ ಕೈಗೆ ಕೊಟ್ಟು, ಕೈಮುಗಿದು, ಸೆರಗು ಸಿಕ್ಕಿಸಿ ಓಡಿದೆ. ಮೆಟ್ಟಿಲ ಮೇಲೂ ಅದೇ: ಇಳಿಯುವವರ ಕಡೆಯಿಂದ ಹತ್ತುವವರು, ನಡುವೆ ನಿಂತು ಫೋನಿನಲ್ಲಿ ಮಾತಾಡುವವರು.

ಆಟೋದಿಂದ ಇಳಿದು ಆಸ್ಪತ್ರೆಯ ಒಳಗೆ ಹೋದಾಗ ಪಾಳಿ ಹೋಗಿತ್ತು. ಮಾತು ಕಲಿಸುವ ಹುಡುಗಿ ಬಾಗಿಲಲ್ಲಿ ನಿಂತು ಒಬ್ಬ ಮುದುಕರನ್ನು ಒಳಗೆ ಕರೆಯುತ್ತಿದ್ದಳು. ನನ್ನನ್ನು ಕಂಡು ತಲೆ ಅಲ್ಲಾಡಿಸಿದಳು, ಕೋಪದಿಂದಲ್ಲ, ಕನಿಕರದಿಂದ; ಅದು ಇನ್ನೂ ಕಷ್ಟವಾಯಿತು. ತಂಗಿ ಬೆಂಚಿನ ಮೇಲೆ ಕೂತಿದ್ದಳು. ನನ್ನ ಹಣೆಯ ಭಂಡಾರ, ಕೂದಲಲ್ಲಿ ಸಿಕ್ಕ ಚೆಂಡುಹೂವಿನ ಎಸಳು, ಸೆರಗಿಗೆ ಹತ್ತಿದ ಬಾಳೆಯ ಕರೆ, ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಹುಡುಗಿಯರಾಗಿದ್ದಾಗ ಎಲ್ಲಿಗೆ ಹೊರಟರೂ ನಾನು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿರುತ್ತಿದ್ದೆ, ಅವಳು ಒಳಗೆ ಇನ್ನೂ ಹೆರಳು ಹಾಕಿಕೊಳ್ಳುತ್ತಿದ್ದಳು. ಅವಳು ಹೊರಗೆ ಬಂದ ಕೂಡಲೇ ನಾನು ಬೈಯುತ್ತಿದ್ದುದು ಎರಡೇ ಮಾತಿನಲ್ಲಿ. ಮದುವೆಯಾದ ಮೇಲೂ ಬಿಟ್ಟಿರಲಿಲ್ಲ.

ಅವಳ ತುಟಿಗಳು ಅಲುಗಾಡಿದವು. ನಾಲಿಗೆ ಹಲ್ಲಿಗೆ ತಾಗಿ ಹಿಂದೆ ಸರಿಯಿತು, ಮತ್ತೆ ತಾಗಿತು.

"ತಡಾ..." ಎಂದಳು. ಉಸಿರು ತೆಗೆದುಕೊಂಡು ಮುಗಿಸಿದಳು. "ತಡಾ ಮಾಡಿದಿ."

ಬಾಗಿಲಲ್ಲಿದ್ದ ಹುಡುಗಿ ತಿರುಗಿ ನಿಂತಳು. "ಏನಂದ್ರಿ? ಇನ್ನೊಮ್ಮಿ ಅನ್ರಿ."

ತಂಗಿ ಅವಳ ಕಡೆ ನೋಡಲೂ ಇಲ್ಲ. ನನ್ನನ್ನೇ ನೋಡಿ, ಈ ಸಲ ಸ್ವಲ್ಪ ಜೋರಾಗಿ, ಇಷ್ಟು ವರ್ಷ ಕಾದಿಟ್ಟವಳಂತೆ ಹೇಳಿದಳು: "ತಡಾ ಮಾಡಿದಿ!"

ನಾನು ಬಾಳೆಗಿಡದ ವಿಷಯ, ಬಲಗಡೆಯ ಪ್ಲಾಟ್‌ಫಾರ್ಮಿನ ವಿಷಯ ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿದಳು.

"ಕಲಿಸಿದ ಮಾತಲ್ಲರಿ ಇದು. ತಾವಾಗೇ ಆಡಿದಾರ" ಎಂದಳು ಹುಡುಗಿ. ಅವಳ ಮುಖ ಅರಳಿತ್ತು. "ಆಂಟಿ, ದೀಪಾವಳಿ ಮುಗಿಯೂತನಾ ಇದ ಟೈಮ್ ನಿಮ್ಮದ. ಹತ್ತಕ್ಕ. ಲಗೂ ಬರ್ರಿ."

ದೀಪಾವಳಿಯವರೆಗೆ. ನಾನು ತಂಗಿಯ ಪಕ್ಕ ಕೂತೆ. ಅವಳ ಕೈ ಹಿಡಿದುಕೊಂಡಾಗ ನನಗೆ ಮೊದಲು ಬಂದದ್ದು ಅಳು, ಎರಡನೆಯದಾಗಿ ಬಂದದ್ದು ಆ ಬೋಗಿಯ ನೆನಪು.

ಹಬ್ಬದ ರಜೆ ಮುಗಿದ ಮರುದಿನ ಮತ್ತೆ ಅದೇ ಗಾಡಿ, ಅದೇ ಟವೆಲ್ಲುಗಳು, ಅದೇ ಶೇಂಗಾ ಸಿಪ್ಪೆ. ಅಧ್ಯಕ್ಷರ ಮೀಸೆ ಇದ್ದಲ್ಲೇ ಇತ್ತು. "ದೇವಿಗೆ ಹರಕಿ ಹೊತ್ತು ಉಳಿಸ್ಕೊಂಡೇನ್ರಿ ಅಕ್ಕೋರ" ಎಂದರು. ಬಾಗಿಲಲ್ಲಿ ನಿಂತವರು ಹೊಟ್ಟೆ ಒಳಗೆ ಎಳೆದುಕೊಂಡರು. ನಾನು ಅವರ ನಡುವೆಯೇ ನುಸುಳಿ ಬಲಗಡೆಯ ಬಾಗಿಲಿಗೆ ಹೆಗಲು ಕೊಟ್ಟು ನಿಂತೆ. ಹಿಡಿಕೆಯಲ್ಲಿ ಸುತಳಿಯ ಒಂದು ಗಂಟು ಇನ್ನೂ ಉಳಿದಿತ್ತು. ಉಗುರು ಹಾಕಿ ಅದನ್ನು ಬಿಚ್ಚತೊಡಗಿದೆ. ಉಣಕಲ್ ದಾಟುವಷ್ಟರಲ್ಲಿ ಬಿಚ್ಚಿ ಮುಗಿಯಿತು.