ಹದಿನಾಲ್ಕು ದಿನದ ಕಾವು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಎಲ್ಲರ ‘ಲ್ಯಾಬ್ ಅಕ್ಕ’ ಗಾಳಿಯಾಡದ ಡಬ್ಬಿಯೊಂದರ ಮುಚ್ಚಳ ತೆಗೆಯುತ್ತಾರೆ. ಒಳಗೆ ಐದು ಗಾಜಿನ ತಟ್ಟೆಗಳು. ಪೇಂಟರೊಬ್ಬನ ಭುಜದೊಳಗಿಂದ ತೆಗೆದ ಐದು ಚೂರುಗಳು ಅವುಗಳಲ್ಲಿ ಹನ್ನೊಂದು ದಿನಗಳಿಂದ ಕಾವಿಗೆ ಕೂತಿವೆ.

ಮುರಿದ ಭುಜಕ್ಕೆ ಕಳೆದ ವರ್ಷ ಲೋಹದ ಪಟ್ಟಿ ಹಾಕಿದ್ದರು. ಅಂದಿನಿಂದ ನೋವು ಬಿಟ್ಟಿಲ್ಲ. ಜ್ವರವಿಲ್ಲ, ಕೀವಿಲ್ಲ, ರಕ್ತಪರೀಕ್ಷೆಯೂ ಸುಮ್ಮನಿದೆ. ಸಾಮಾನ್ಯವಾಗಿ ಫಲಿತಾಂಶ ಬರೆದು ಮುಗಿಸುವ ಐದನೇ ದಿನಕ್ಕೆ ತಟ್ಟೆಗಳೂ ಬೋಳು. ನಾಡಿದ್ದು ಹೊಸ ಕೀಲು ಕೂರಿಸುವುದೆಂದು ನಿಗದಿಯಾಗಿದೆ. ಒಳಗೆ ಸೋಂಕು ಅಡಗಿದ್ದರೆ ಹೊಸ ಕೀಲೂ ಕೆಡುತ್ತದೆ. ಆಮೇಲೆ ಕುಂಚ ಹಿಡಿದ ಕೈ ಮೇಲೇಳುವುದು ಕಷ್ಟ.

ದಿನಕ್ಕೆ ಅರವತ್ತು ಮಾದರಿಗಳನ್ನು ನೋಡುವ ಅಕ್ಕನಿಗೆ ಇಲ್ಲಿ ಇಪ್ಪತ್ತಾರು ವರ್ಷ. “ಮೊದಮೊದಲು ನಾನೂ ಐದನೇ ದಿನಕ್ಕೇ ಎಸೀತಿದ್ದೆ. ನೋವಿಗೆ ಕಾರಣ ಸಿಗ್ದೆ ಒಬ್ರು ಟೀಚರಮ್ಮನ ಭುಜ ಮೂರು ಸಲ ಕುಯ್ದ್ರು. ಮೂರನೇ ಸಲ ಮಗಳಿಗೆ ಹುಷಾರಿಲ್ಲ ಅಂತ ರಜೆ ಹಾಕ್ದೆ, ತಟ್ಟೆ ಎಸೆಯೋದೇ ಮರೆತೆ. ಹತ್ತು ದಿನ ಬಿಟ್ಟು ಬಂದ್ರೆ ಬೆಳೆದು ಕೂತಿತ್ತು! ಚರ್ಮದ ಮೇಲೆ ಎಲ್ರಿಗೂ ಇರೋ ಬ್ಯಾಕ್ಟೀರಿಯಾನೇ. ಭುಜದೊಳಗೆ ಸೇರ್ಕೊಂಡ್ರೆ ಮಹಾ ಸೋಮಾರಿ.” ಅಂದಿನಿಂದ ಭುಜದ ತಟ್ಟೆಗಳಿಗೆ ಅವರ ಲೆಕ್ಕ ಹದಿನಾಲ್ಕು ದಿನ.

ಈಗ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ. ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು. ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಡಿ ಇಟ್ಟರೆ ಅವೇ ನೇರಳೆ ಬಣ್ಣದ ಪುಟ್ಟ ಕಡ್ಡಿಗಳು. ಒಂದು ವರ್ಷದ ನೋವು ಇಷ್ಟು ಚಿಕ್ಕದೇ ಎಂದು ನೋಡಿದವರಿಗೆ ಬೆರಗಾಗುತ್ತದೆ.

ಶಸ್ತ್ರಚಿಕಿತ್ಸಕರು ಬಾಗಿಲಲ್ಲೇ ಕೇಳುತ್ತಾರೆ: “ಏನಕ್ಕಾ, ಕೋಳಿ ಮರಿ ಮಾಡ್ತಾ?”

“ಮಾಡ್ತು ಸಾರ್. ಐದ್ರಲ್ಲಿ ನಾಲ್ಕು.”

“ತೆಗೆಯುವಾಗ ಚರ್ಮದ್ದು ಅಂಟ್ಕೊಂಡಿರಬಹುದಲ್ಲಾ?”

“ಒಂದ್ರಲ್ಲಿ ಬಂದಿದ್ರೆ ನಾನೂ ಹಾಗೇ ಅಂತಿದ್ದೆ. ನಾಲ್ಕರಲ್ಲೂ ಅದೇ ಅಂದ್ರೆ ಒಳಗೇ ಸಂಸಾರ ಹೂಡಿದೆ ಸಾರ್.”

ವೈದ್ಯರ ನಗು ಇಳಿಯುತ್ತದೆ. ಅಲ್ಲೇ ನಿಂತು ಆಪರೇಷನ್ ಥಿಯೇಟರಿಗೆ ಫೋನ್ ಮಾಡುತ್ತಾರೆ: “ಹೊಸ ಕೀಲು ಈಗ ಬೇಡ. ಪಟ್ಟಿ ತೆಗೆದು ತೊಳೆಯೋಣ. ಆಮೇಲೆ ಆರು ವಾರ ಔಷಧಿ.”

ಪೇಂಟರನ ಮುಖವನ್ನು ಅಕ್ಕ ನೋಡಿಲ್ಲ, ನೋಡುವುದೂ ಇಲ್ಲ. ಇನ್ನೆರಡು ತಿಂಗಳಿಗೆ ಅವರ ನಿವೃತ್ತಿ. ಏನಾದರೂ ಆಸೆ ಉಳಿದಿದೆಯೇ ಎಂದರೆ ಕೈಗವಸು ಕಳಚುತ್ತ ಹೇಳುತ್ತಾರೆ: “ನನ್ನ ಜಾಗಕ್ಕೆ ಯಾರೇ ಬರಲಿ, ‘ಏನೂ ಬೆಳೆದಿಲ್ಲ’ ಅಂತ ಬರೆಯೋಕೆ ಅವಸರ ಮಾಡ್ದಿದ್ರೆ ಸಾಕು. ಆ ತಟ್ಟೆ ಹಿಂದೆ ಯಾರದೋ ಒಂದು ಕೈ ಇರುತ್ತಲ್ಲ.”