ಸಣ್ಣ ಮೂತಿಯ ಕೆಟಲ್

ಬಾಗಿಲಿಗೆ ಬಂದವರ ಕುಲವನ್ನು ಕೇಳದೆ ಹಸಿವನ್ನು ಅರಿತವರು. ಮಿಂದು ಮಡಿಯುಟ್ಟು ಇಷ್ಟಲಿಂಗವನ್ನು ಪೂಜಿಸದೆ ಹನಿ ನೀರನ್ನೂ ಗಂಟಲಿಗಿಳಿಸದವರು. ಆಡಿದ ಮಾತನ್ನು ಹಿಂತೆಗೆಯದವರು, ಕೊಟ್ಟದ್ದನ್ನು ನೆನೆಯದವರು. ಸೊಸೆಯನ್ನು ಮಗಳೆಂದು ಕರೆದು ಹಾಗೆಯೇ ನಡೆಸಿಕೊಂಡವರು. ಬಿಳಿಗೆರೆಯ ಮಲ್ಲಾಜಮ್ಮನವರು ಇಂಥವರು.

ಅವರ ಮನೆಗೆ ಗ್ಯಾಸ್ ಬಂದು ಬಹುಕಾಲವಾಗಿದ್ದರೂ ಸೌದೆಯೊಲೆಯೊಂದು ಉಳಿದಿತ್ತು. ಸೋಮವಾರದಂದು ಮಠದ ಅಯ್ಯನವರು ಬರುವರು. ಅವರಿಗೆ ಅರ್ಪಿಸುವ ಹಾಲು ಆ ಒಲೆಯಲ್ಲೇ ಕಾಯಬೇಕು, ಮನೆಯ ಹಿರಿಯಳ ಕೈಯಿಂದಲೇ ಲೋಟಕ್ಕೆ ಇಳಿಯಬೇಕು. ಅತ್ತೆಯಿಂದ ಬಂದ ಈ ಸೇವೆಯನ್ನು ನೆಚ್ಚಿಯೇ ಮಲ್ಲಾಜಮ್ಮನವರು ವೈಧವ್ಯವನ್ನು ದಾಟಿದ್ದರು. ಈಗ ಕೈ ನಡುಗತೊಡಗಿತು. ವೈದ್ಯರು ಮಾತ್ರೆ ಕೊಟ್ಟರು. ನಡುಕ ಪೂರ್ತಿ ಹೋಗುವುದಲ್ಲವೆಂದೂ ಹೇಳಿದರು. ಕಾದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಬಗ್ಗಿಸುವುದು ಇನ್ನಾಗದು. ಹಿಡಿಯಿರುವ ಕೆಟಲ್ ಆದರೆ ಇನ್ನಷ್ಟು ಕಾಲ ಸೇವೆ ನಡೆದೀತೆಂದು, ಸೊಸೆ ನಂದಿತಾಳೊಡನೆ ನಂಜನಗೂಡಿನ ಪಾತ್ರೆ ಅಂಗಡಿಗೆ ಹೋದರು.

ಅಂಗಡಿಯ ಅಮೃತೇಶ್ ಮೊದಲು ತಂದಿಟ್ಟದ್ದು ಮಿರಮಿರನೆ ಹೊಳೆಯುವ ಸ್ಟೀಲಿನದು.

“ಇದ್ರ ಇಡಿ ಪ್ಲಾಸ್ಟಿಕ್ಕು ಕಣಪ್ಪ. ನಮ್ಮನೆ ಸೌದೆ ಉರಿಗೆ ಕರಗಿ ಓಗ್ಬುಡ್ತದೆ,” ಎಂದರು ಮಲ್ಲಾಜಮ್ಮ.

“ಗ್ಯಾಸ್ ಮೇಲೆ ಇಡಿ ಅಜ್ಜಿ. ಈ ಕಾಲ್ದಲ್ಲಿ ಒಲೆ ಯಾರು ಊದ್ತಾರೆ?”

“ನಾನು ಊದ್ತೀನಲ್ಲ. ನಿನ್ನ ಕರೆದ್ನಾ?”

ನಂದಿತಾ ನಕ್ಕಳು. ಅಲ್ಯೂಮಿನಿಯಂ ಕೆಟಲಿನ ತಳ ತೀರ ತೆಳು. ಕಡೆಗೆ ಉಳಿದವು ಒಳಗೆ ಕಲಾಯಿ ಮಾಡಿಸಿದ ಹಿತ್ತಾಳೆಯವು ಎರಡು. ಒಂದರ ಮೂತಿ ಅಗಲ, ಇನ್ನೊಂದರದು ಸಣ್ಣದು.

“ಏನು ಕಾಯಿಸ್ತೀರಾ? ಹಾಲಾದ್ರೆ ಅಗಲದ್ದು ತಕೊಳ್ಳಿ,” ಎಂದ ಅಮೃತೇಶ್.

ಅಗಲ ಮೂತಿಯಿಂದ ಹಾಲು ಒಮ್ಮೆಗೇ ಧುಮುಕುವುದು, ನಡುಗುವ ಕೈಗೆ ಲೋಟದ ಗುರಿ ತಪ್ಪುವುದು ಎಂದು ಅವರು ಅಂಜಿದರು. ಅದನ್ನು ಹೇಳಬೇಕಾದರೆ ಕೈಯ ಸಂಗತಿಯನ್ನೂ ಹೇಳಬೇಕು. ಮಲ್ಲಾಜಮ್ಮನವರು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು.

“ಬರೀ ನೀರು ಕಣಪ್ಪ. ಆ ಸಣ್ಣದೇ ಕೊಡು.”

ನಂದಿತಾ ಅತ್ತೆಯ ಮುಖ ನೋಡಿ, ದುಡ್ಡು ತೆಗೆದು ಎಣಿಸಿದಳು.

ಸೋಮವಾರ, ಮಸಿ ಕಚ್ಚದಿರಲೆಂದು ಕೆಟಲಿನ ತಳಕ್ಕೆ ಒದ್ದೆ ಬೂದಿ ಬಳಿದು, ಅದರ ಮೈಗೆ ಮೂರೆಳೆ ವಿಭೂತಿಯಿಟ್ಟು ಒಲೆಗೇರಿಸಿದರು. ಅಯ್ಯನವರು ಮಣೆಯ ಮೇಲೆ ಕುಳಿತಿದ್ದರು. ಹಾಲು ಕಾಯಿತು. ಒಲೆಯ ಕಟ್ಟೆಯ ಮೇಲೆ ಲೋಟವಿಟ್ಟು ಮಲ್ಲಾಜಮ್ಮನವರು ಕೆಟಲನ್ನು ಬಗ್ಗಿಸಿದರು. ಹನಿಯೂ ಬೀಳಲಿಲ್ಲ, ಸಣ್ಣ ಮೂತಿಗೆ ಕೆನೆ ಕಟ್ಟಿಕೊಂಡಿತ್ತು. ಇನ್ನೂ ಬಗ್ಗಿಸಿದರು. ಕೈ ನಡುಗಿತು, ಮುಚ್ಚಳ ಕಳಚಿ ಹಾಲೆಲ್ಲ ಒಲೆಯೊಳಕ್ಕೆ ಸುರಿಯಿತು. ಉರಿ ಚುಂಯ್ ಎಂದು ಆರಿಹೋಯಿತು.

“ಇರ್ಲಿ ಬುಡವ್ವ, ಶಿವನಿಗೆ ಮುಟ್ತು,” ಎಂದರು ಅಯ್ಯನವರು.

“ಬೂದಿಗಲ್ವಾ ಬುದ್ದಿ ಮುಟ್ಟಿದ್ದು?” ಎಂದರು ಮಲ್ಲಾಜಮ್ಮ.

ಈಗ ಹಾಲು ಕೊಡುವವಳು ನಂದಿತಾ. ಮಲ್ಲಾಜಮ್ಮನವರು ಅಡುಗೆಮನೆಯ ಹೊಸ್ತಿಲನ್ನು ದಾಟುವುದಿಲ್ಲ. ಅಯ್ಯನವರು ಹೊರಡುವಾಗ ಕಂಬದ ಮರೆಯಿಂದಲೇ ಕೈಮುಗಿಯುತ್ತಾರೆ. ಮುಗಿದ ಕೈಯೂ ನಿಲ್ಲುವುದಿಲ್ಲ. ಕೆಟಲ್ ಅಟ್ಟ ಸೇರಿದೆ, ತಳದ ಬೂದಿ ಇನ್ನೂ ತೊಳೆದಿಲ್ಲ.

ಕಪಿಲೆಯ ತಡಿಯ ನಂಜುಂಡನು ಈ ತಾಯಿಯ ನಡುಗುವ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಳ್ಳಲಿ. ನಂದಿತಾಳ ಒಲೆ ಆರದಿರಲಿ. ಆ ಮನೆಯ ಹಾಲು ಬಂದವರಿಗೆ ಎಂದೂ ತಪ್ಪದಿರಲಿ.